ಮನೆಯ ಕಾರ್ಯಾಗಾರಕ್ಕೆ ಪಟ್ಟಿ ಗರಗಸ: ಆಯ್ಕೆಯ ಹಿಂದಿರುವ ಭೌತಶಾಸ್ತ್ರ

ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರು ಹೋದರೆ ತುಂಗೆಯ ಹಿನ್ನೀರಿನ ದಡದಲ್ಲಿ ಸಕ್ರೆಬೈಲು ಸಿಕ್ಕುತ್ತದೆ. ಅಲ್ಲಿನ ಆನೆಬಿಡಾರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಆ ಬಿಡಾರದ ಆನೆಗಳು ಹಿಂದೆ ಕಾಡಿನಿಂದ ನಾಟಾ ಎಳೆದು ತರುತ್ತಿದ್ದುವು. ಈಗ ಆ ಕೆಲಸ ನಿಂತಿದೆ. ಅದೇ ಜಿಲ್ಲೆಯ ಭದ್ರಾವತಿಯಲ್ಲಿ ೧೯೨೩ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆ ಆರಂಭದಲ್ಲಿ ತನ್ನ ಊದುಕುಲುಮೆಗೆ ಇದೇ ಮಲೆನಾಡಿನ ಮರದ ಇದ್ದಲನ್ನು ಉರಿಸಿತು. ಹೀಗೆ ಮರವೂ ಉಕ್ಕೂ ಈ ಸೀಮೆಯ ಬಾಳಿನಲ್ಲಿ ಬಹುಕಾಲದಿಂದ ಜೊತೆಗೂಡಿವೆ. ಇವೆರಡೂ ಒಂದನ್ನೊಂದು ಮುಟ್ಟುವ ಸ್ಥಳವೇ ಗರಗಸದ ಹಲ್ಲು.

ಕಾಡು ಧಾರಾಳವಾಗಿದ್ದ ಕಾಲದಲ್ಲಿ ಕುಯ್ತದಲ್ಲಿ ಹೊಟ್ಟಾಗಿ ಹೋಗುವ ಮರದ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ. ಇಂದು ಒಂದು ಸಾಗುವಾನಿ ಹಲಗೆಯ ಬೆಲೆ ಕೇಳಿದವರಿಗೆ ಆ ಲೆಕ್ಕ ಬೇಕಾಗುತ್ತದೆ. ಮನೆಯಲ್ಲಿಯೇ ಮರಗೆಲಸ ಮಾಡುವ ಹವ್ಯಾಸವೂ ನಮ್ಮಲ್ಲಿ ಬೆಳೆಯುತ್ತಿದೆ. ಅಂಥವರು ಮೊದಲು ಕೇಳುವ ಪ್ರಶ್ನೆ, ‘ಯಾವ ಬ್ಯಾಂಡ್‌ಸಾ ಕೊಳ್ಳಬೇಕು?’ ಎಂಬುದು. ಅಂಗಡಿಯವರು ಅಶ್ವಶಕ್ತಿಯನ್ನು ಮುಂದಿಟ್ಟು ಉತ್ತರಿಸುತ್ತಾರೆ. ನಾವು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವನ್ನು ಮುಂದಿಟ್ಟು ಉತ್ತರಿಸಲು ಪ್ರಯತ್ನಿಸೋಣ.

ಯಂತ್ರದ ರಚನೆ

ಪಟ್ಟಿ ಗರಗಸವೆಂದರೆ ಎರಡು ಚಕ್ರಗಳ ಮೇಲೆ ಬಿಗಿದ, ಕೊನೆಯಿಲ್ಲದ ಒಂದು ಉಕ್ಕಿನ ಪಟ್ಟಿ. ಪಟ್ಟಿಯ ಒಂದು ಅಂಚಿನಲ್ಲಿ ಹಲ್ಲುಗಳಿರುತ್ತವೆ. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ; ಮೇಲಿನ ಚಕ್ರವನ್ನು ಒಂದು ಸ್ಪ್ರಿಂಗು ಮೇಲಕ್ಕೆತ್ತಿ ಪಟ್ಟಿಯನ್ನು ಬಿಗಿಯಾಗಿಡುತ್ತದೆ. ನಡುವೆ ಮೇಜಿದೆ. ಪಟ್ಟಿ ಮೇಜಿನ ಮೂಲಕ ಸದಾ ಕೆಳಮುಖವಾಗಿ ಇಳಿಯುತ್ತದೆ. ಆದುದರಿಂದ ಕುಯ್ತದ ಬಲ ಮರವನ್ನು ಮೇಜಿಗೆ ಒತ್ತುತ್ತದೆಯೇ ಹೊರತು ಕೆಲಸಗಾರನ ಕಡೆಗೆ ಎಸೆಯುವುದಿಲ್ಲ. ವೃತ್ತಗರಗಸಕ್ಕಿಂತ ಇದು ಮೇಲಾಗಿರುವುದಕ್ಕೆ ಇದೊಂದು ಕಾರಣ.

ಈ ಉಪಾಯಕ್ಕೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಸ್ವಾಮ್ಯಪತ್ರ ಪಡೆದಿದ್ದನು. ಆದರೆ ಪಟ್ಟಿಯ ಎರಡು ತುದಿಗಳನ್ನು ಸೇರಿಸಿದ ಬೆಸುಗೆ ಚಕ್ರದ ಮೇಲಿನ ಬಾಗುವಿಕೆಯನ್ನು ತಾಳುತ್ತಿರಲಿಲ್ಲ. ೧೮೪೬ರಲ್ಲಿ ಆನ್ ಪೌಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ಬೆಸುಗೆಯ ಉತ್ತಮ ವಿಧಾನವೊಂದನ್ನು ಕಂಡುಹಿಡಿದ ಮೇಲೆ ಯಂತ್ರ ಬಳಕೆಗೆ ಬರುವ ದಾರಿ ತೆರೆಯಿತು. ಬಾಗುವಿಕೆಯನ್ನು ತಾಳುವ ಈ ಪ್ರಶ್ನೆಯೇ ಇಂದಿಗೂ ಯಂತ್ರದ ಆಯ್ಕೆಯಲ್ಲಿ ಮುಖ್ಯವಾದುದು.

ಚಕ್ರದ ವ್ಯಾಸ

ಗರಗಸಗಳನ್ನು ಚಕ್ರದ ವ್ಯಾಸದಿಂದ ಗುರುತಿಸುವುದು ವಾಡಿಕೆ. ಮನೆಗೆ ತಕ್ಕವು ಸುಮಾರು ೨೫೦, ೩೫೦ ಮತ್ತು ೪೫೦ ಮಿಲಿಮೀಟರಿನವು. ಎಂದರೆ ಹತ್ತು, ಹದಿನಾಲ್ಕು, ಹದಿನೆಂಟು ಅಂಗುಲದವು. ವ್ಯಾಸ ಹೆಚ್ಚಾದಷ್ಟೂ ಪಟ್ಟಿಗೂ ಯಂತ್ರದ ಕಂಬಕ್ಕೂ ನಡುವಣ ತೆರವು ಹೆಚ್ಚುತ್ತದೆ. ಅಗಲವಾದ ಹಲಗೆ ಹಿಡಿಸುತ್ತದೆ. ಇದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭವೊಂದಿದೆ.

ಪಟ್ಟಿ ಚಕ್ರವನ್ನು ಸುತ್ತುವಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಪಟ್ಟಿಯ ದಪ್ಪವನ್ನು ಚಕ್ರದ ವ್ಯಾಸದಿಂದ ಭಾಗಿಸಿದರೆ ಹೊರಮೈಯ ಹಿಗ್ಗುವಿಕೆಯ ಪ್ರಮಾಣ ದೊರೆಯುತ್ತದೆ. ಅದನ್ನು ಉಕ್ಕಿನ ಸ್ಥಿತಿಸ್ಥಾಪಕತ್ವ ಗುಣಾಂಕದಿಂದ, ಎಂದರೆ ಚದರ ಮಿಲಿಮೀಟರಿಗೆ ೨,೦೦,೦೦೦ ನ್ಯೂಟನ್ ಎಂಬ ಸಂಖ್ಯೆಯಿಂದ ಗುಣಿಸಿದರೆ ಪೀಡನ ಸಿಕ್ಕುತ್ತದೆ. ೦.೬ ಮಿಲಿಮೀಟರು ದಪ್ಪದ ಪಟ್ಟಿ ೩೫೦ ಮಿಲಿಮೀಟರಿನ ಚಕ್ರದ ಮೇಲಿದ್ದರೆ:

೨,೦೦,೦೦೦ × ೦.೬ ÷ ೩೫೦ = ಚದರ ಮಿಲಿಮೀಟರಿಗೆ ಸುಮಾರು ೩೪೩ ನ್ಯೂಟನ್.

ಅದೇ ಪಟ್ಟಿ ೨೫೦ ಮಿಲಿಮೀಟರಿನ ಚಕ್ರದ ಮೇಲಿದ್ದರೆ ಪೀಡನ ೪೮೦ಕ್ಕೆ ಏರುತ್ತದೆ. ಇದು ಒಮ್ಮೆ ಬಂದು ಹೋಗುವ ಪೀಡನವಲ್ಲ. ೩೫೦ ಮಿಲಿಮೀಟರಿನ ಚಕ್ರ ನಿಮಿಷಕ್ಕೆ ೮೫೦ ಸುತ್ತು ತಿರುಗಿದರೆ ಪಟ್ಟಿ ನಿಮಿಷಕ್ಕೆ ಸುಮಾರು ೯೩೫ ಮೀಟರು, ಎಂದರೆ ಸೆಕೆಂಡಿಗೆ ೧೫.೬ ಮೀಟರು ಓಡುತ್ತದೆ. ಪಟ್ಟಿಯ ಉದ್ದ ೨.೬೭ ಮೀಟರು ಇದ್ದರೆ ಅದರ ಪ್ರತಿಯೊಂದು ಬಿಂದುವೂ ನಿಮಿಷಕ್ಕೆ ೩೫೦ ಬಾರಿ ಸುತ್ತಿಬರುತ್ತದೆ. ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಬಾಗಿ ಎರಡು ಬಾರಿ ನೆಟ್ಟಗಾಗುತ್ತದೆ. ಗಂಟೆಗೆ ಇದು ೪೨,೦೦೦ ಬಾಗುವಿಕೆ. ೨೪ ಗಂಟೆಗಳ ಕೆಲಸದಲ್ಲಿ ಹತ್ತು ಲಕ್ಷ ಮೀರುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿದವರಿಗೆ ಲೋಹದ ದಣಿವೆಂದರೇನೆಂದು ವಿವರಿಸಬೇಕಾಗಿಲ್ಲ. ಚಿಕ್ಕ ಯಂತ್ರಕ್ಕೆ ದಪ್ಪ ಪಟ್ಟಿ ಹಾಕಿದವರ ಪಟ್ಟಿಗಳು ಪದೇಪದೇ ತುಂಡಾಗುವುದು ಇದರಿಂದಲೇ. ಪಟ್ಟಿಯ ದಪ್ಪ ಚಕ್ರದ ವ್ಯಾಸದ ಸಾವಿರದ ಒಂದು ಭಾಗದಷ್ಟಿರಲಿ ಎಂಬ ಹಳೆಯ ಸೂತ್ರದ ಅರ್ಥವೂ ಇದೇ. ಚಿಕ್ಕ ಯಂತ್ರಗಳಲ್ಲಿ ಈ ಮಿತಿಯನ್ನು ಸ್ವಲ್ಪ ಮೀರುವುದುಂಟು. ಅದರ ಬೆಲೆಯನ್ನು ಪಟ್ಟಿಯ ಆಯುಸ್ಸು ತೆರುತ್ತದೆ.

ಇಷ್ಟು ವೇಗದಲ್ಲಿ ಕೇಂದ್ರಾಪಗಾಮಿ ಬಲವೇ ಪಟ್ಟಿಯನ್ನು ಹರಿಯಲಾರದೆ ಎಂದು ಕೆಲವರು ಕೇಳಬಹುದು. ಅದರಿಂದಾಗುವ ಪೀಡನ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ ೭,೮೦೦ ಕಿಲೋಗ್ರಾಂ ಆದುದರಿಂದ ಇದು ಚದರ ಮಿಲಿಮೀಟರಿಗೆ ಕೇವಲ ೧.೯ ನ್ಯೂಟನ್. ಬಾಗುವಿಕೆಯ ೩೪೩ರ ಮುಂದೆ ಇದು ಲೆಕ್ಕಕ್ಕೆ ಬಾರದು. ಯಾವ ಬಲಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಊಹೆಗಿಂತ ಗುಣಾಕಾರ ಚೆನ್ನಾಗಿ ಹೇಳುತ್ತದೆ.

ಬಿಗಿತ ಮತ್ತು ಚೌಕಟ್ಟು

ಮರದ ಎಳೆ ಓರೆಯಾಗಿದ್ದಾಗ ಅದು ಪಟ್ಟಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಪಟ್ಟಿಯನ್ನು ಬಿಗಿದ ತಂತಿಯೆಂದು ಭಾವಿಸೋಣ. ಮೇಲಿನ ಮತ್ತು ಕೆಳಗಿನ ಮಾರ್ಗದರ್ಶಿಗಳ ನಡುವಣ ಅಂತರವನ್ನು ಪಕ್ಕದ ಬಲದಿಂದ ಗುಣಿಸಿ, ಬಿಗಿತದ ನಾಲ್ಕರಷ್ಟರಿಂದ ಭಾಗಿಸಿದರೆ ಪಟ್ಟಿ ಎಷ್ಟು ಸರಿಯುತ್ತದೆಂದು ತಿಳಿಯುತ್ತದೆ. ೧೨ ಮಿಲಿಮೀಟರು ಅಗಲ, ೦.೬ ಮಿಲಿಮೀಟರು ದಪ್ಪದ ಪಟ್ಟಿಯನ್ನು ಚದರ ಮಿಲಿಮೀಟರಿಗೆ ೧೦೦ ನ್ಯೂಟನಿನಂತೆ ಬಿಗಿದರೆ ಬಿಗಿತ ೭೨೦ ನ್ಯೂಟನ್. ಅಂತರ ೨೦೦ ಮಿಲಿಮೀಟರು, ಪಕ್ಕದ ಬಲ ೧೦ ನ್ಯೂಟನ್ ಆದರೆ ಪಟ್ಟಿ ೦.೭ ಮಿಲಿಮೀಟರು ಸರಿಯುತ್ತದೆ. ಅಂತರವನ್ನು ಅರ್ಧಕ್ಕಿಳಿಸಿದರೆ ಸರಿತವೂ ಅರ್ಧವಾಗುತ್ತದೆ. ಪಟ್ಟಿಗೆ ಸ್ವಂತ ಬಿರುಸೂ ಇರುವುದರಿಂದ ನಿಜವಾದ ಸರಿತ ಇದಕ್ಕಿಂತ ಸ್ವಲ್ಪ ಕಡಿಮೆ. ಮೇಲಿನ ಮಾರ್ಗದರ್ಶಿಯನ್ನು ಮರಕ್ಕೆ ಆದಷ್ಟು ಹತ್ತಿರ ಇಳಿಸಬೇಕೆಂದು ಅನುಭವಿ ಬಡಗಿಗಳು ಹೇಳುವುದರ ಆಧಾರ ಇದು. ಹಾಗೆ ಇಳಿಸಿದರೆ ಬೆರಳಿಗೆ ತಗಲುವಂತಿರುವ ಹಲ್ಲುಗಳೂ ಮುಚ್ಚಿಹೋಗುತ್ತವೆ.

ಬಿಗಿತ ಹೆಚ್ಚಿಸಿದರೂ ಪಟ್ಟಿ ನೆಟ್ಟಗೆ ಓಡುತ್ತದೆ. ಆದರೆ ಆ ಬಿಗಿತವನ್ನು ಹೊರುವವರು ಯಾರು? ಪಟ್ಟಿಯ ಎರಡು ಪಾರ್ಶ್ವಗಳೂ ಎಳೆಯುವುದರಿಂದ ಮೇಲಿನ ಚಕ್ರದ ಮೇಲೆ ೧,೪೪೦ ನ್ಯೂಟನ್ ಬೀಳುತ್ತದೆ. ಎಂದರೆ ಇಬ್ಬರು ವಯಸ್ಕರು ಚಕ್ರಕ್ಕೆ ಜೋತುಬಿದ್ದಂತೆ. ಕಂಬ ತೆಳುವಾಗಿದ್ದರೆ ಅದು ಬಾಗುತ್ತದೆ. ಬಿಗಿತ ಅಷ್ಟರಲ್ಲಿಯೇ ನಿಂತುಬಿಡುತ್ತದೆ. ಮೋಟಾರನ್ನು ಮುಂದೆ ಬದಲಾಯಿಸಬಹುದು, ಚೌಕಟ್ಟನ್ನು ಬದಲಾಯಿಸಲಾಗದು. ಕೊಳ್ಳುವವರು ಮೊದಲು ನೋಡಬೇಕಾದುದು ಚೌಕಟ್ಟನ್ನು. ಅಂಗಡಿಯಲ್ಲಿಯೇ ಪಟ್ಟಿಯನ್ನು ಪೂರ್ತಿ ಬಿಗಿಸಿ, ಎರಡು ಚಕ್ರಗಳೂ ಒಂದೇ ಸಮತಲದಲ್ಲಿ ಉಳಿದಿವೆಯೇ ಎಂದು ನೆಟ್ಟಗಿನ ಪಟ್ಟಿಯೊಂದನ್ನು ಹಿಡಿದು ಪರೀಕ್ಷಿಸತಕ್ಕದ್ದು.

ಪಟ್ಟಿ ಚಕ್ರದಿಂದ ಜಾರದಿರುವುದೇಕೆ?

ಚಿಕ್ಕ ಯಂತ್ರಗಳಲ್ಲಿ ಚಕ್ರದ ರಬ್ಬರು ಹೊದಿಕೆಯನ್ನು ಕೈಯಿಂದ ಸವರಿ ನೋಡಿದರೆ ನಡುವೆ ಸ್ವಲ್ಪ ಉಬ್ಬಿರುವುದು ತಿಳಿಯುತ್ತದೆ. ಪಟ್ಟಿ ಉಬ್ಬಿನ ಒಂದು ಪಕ್ಕಕ್ಕೆ ಸರಿದಾಗ ಅದು ಇಳಿಜಾರಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಆಗ ಚಕ್ರದ ಕಡೆಗೆ ಬರುತ್ತಿರುವ ಭಾಗ ಉಬ್ಬಿನ ಕಡೆಗೆ ವಾಲುತ್ತದೆ. ಮುಂದಿನ ಸ್ಪರ್ಶ ನೆತ್ತಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಾರಿ ಬೀಳುವುದರ ಬದಲು ಪಟ್ಟಿ ಉಬ್ಬನ್ನು ಹತ್ತುತ್ತದೆ! ಹಳೆಯ ಯಂತ್ರ ಕೊಳ್ಳುವವರು ಈ ಹೊದಿಕೆ ಸವೆದಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು.

ಪಟ್ಟಿಯ ಅಗಲ ಮತ್ತು ಹಲ್ಲು

ವಕ್ರರೇಖೆಯಲ್ಲಿ ಕುಯ್ಯುವಾಗ ನೇರವಾದ ಪಟ್ಟಿ ಬಾಗಿದ ಸೀಳಿನಲ್ಲಿ ತಿರುಗಬೇಕು. ಹಲ್ಲುಗಳನ್ನು ಎಡಬಲಕ್ಕೆ ಬಗ್ಗಿಸಿರುವುದರಿಂದ ಸೀಳು ಪಟ್ಟಿಯ ದಪ್ಪಕ್ಕಿಂತ ಅಗಲವಾಗಿರುತ್ತದೆ. ಈ ಹೆಚ್ಚಳ ೦.೪ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಪಟ್ಟಿಯ ಅಗಲದ ವರ್ಗವನ್ನು ಈ ಹೆಚ್ಚಳದ ಎಂಟರಷ್ಟರಿಂದ ಭಾಗಿಸಿದರೆ ಸಾಧ್ಯವಾದ ಅತ್ಯಲ್ಪ ತ್ರಿಜ್ಯ ಬರುತ್ತದೆ. ೬ ಮಿಲಿಮೀಟರಿನ ಪಟ್ಟಿಗೆ ಇದು ೧೧ ಮಿಲಿಮೀಟರು. ೧೨ ಮಿಲಿಮೀಟರಿನದಕ್ಕೆ ೪೫. ಅಗಲ ಇಮ್ಮಡಿಸಿದರೆ ತ್ರಿಜ್ಯ ನಾಲ್ಮಡಿಸುತ್ತದೆ. ವ್ಯವಹಾರದಲ್ಲಿ ಇದಕ್ಕಿಂತ ಕೊಂಚ ಹೆಚ್ಚು ಬಿಡುವುದು ಲೇಸು. ಆಟಿಕೆ, ಕುರ್ಚಿಯ ಕಾಲು ಮೊದಲಾದುವಕ್ಕೆ ಕಿರಿದಾದ ಪಟ್ಟಿ, ದಿಂಡನ್ನು ಹಲಗೆಯಾಗಿ ಸೀಳಲು ಅಗಲವಾದ ಪಟ್ಟಿ ಬೇಕು.

ಹಲ್ಲುಗಳಲ್ಲಿ ಕನಿಷ್ಠ ಮೂರಾದರೂ ಒಮ್ಮೆಗೆ ಮರದೊಳಗಿರಬೇಕು. ಇಲ್ಲವಾದರೆ ಹಲ್ಲು ಮರವನ್ನು ಕಚ್ಚಿ ಕುಲುಕುತ್ತದೆ. ತೀರ ಹೆಚ್ಚಾದರೆ ಹಲ್ಲುಗಳ ಸಂದು ಹೊಟ್ಟಿನಿಂದ ತುಂಬಿ ಪಟ್ಟಿ ಕಾಯುತ್ತದೆ. ಹತ್ತು ಮಿಲಿಮೀಟರಿನ ಹಲಗೆಗೆ ಅಂಗುಲಕ್ಕೆ ಹತ್ತು ಹಲ್ಲಿನ ಪಟ್ಟಿ, ೧೫೦ ಮಿಲಿಮೀಟರಿನ ದಿಂಡಿಗೆ ಮೂರು ಹಲ್ಲಿನದು ಸರಿಹೋಗುತ್ತದೆ. ಸಾಗುವಾನಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆಂಬುದನ್ನೂ ನೆನಪಿಡಬೇಕು.

ಉಳಿತಾಯದ ಲೆಕ್ಕ

೬೩ ಮಿಲಿಮೀಟರು ದಪ್ಪದ ಸಾಗುವಾನಿ ದಿಂಡಿನಿಂದ ೬ ಮಿಲಿಮೀಟರಿನ ತೆಳು ಹಲಗೆಗಳನ್ನು ತೆಗೆಯಬೇಕಾಗಿದೆ ಎನ್ನಿ. ವೃತ್ತಗರಗಸ ಪ್ರತಿ ಸೀಳಿಗೂ ಸುಮಾರು ೩ ಮಿಲಿಮೀಟರನ್ನು ಹೊಟ್ಟು ಮಾಡಿದರೆ ಏಳು ಹಲಗೆ ದೊರೆಯುತ್ತವೆ. ಪಟ್ಟಿ ಗರಗಸದ ಸೀಳು ೧ ಮಿಲಿಮೀಟರು; ಒಂಬತ್ತು ಹಲಗೆ ದೊರೆಯುತ್ತವೆ. ಎರಡನ್ನೂ ಆಮೇಲೆ ತೋಪಡ ಹೊಡೆದು ನಯಮಾಡಬೇಕಾದರೂ ಪಟ್ಟಿ ಗರಗಸದ ಲಾಭ ಉಳಿಯುತ್ತದೆ. ಅದೇ ಮರದಿಂದ ಎರಡು ಹಲಗೆ ಹೆಚ್ಚು ಬಂದರೆ ಅಷ್ಟರ ಮಟ್ಟಿಗೆ ಬೇರೊಂದು ಮರಕ್ಕೆ ಕೊಡಲಿ ತಪ್ಪಿದಂತಾಯಿತು.

ಮೋಟಾರು ಮತ್ತು ವಿದ್ಯುತ್ತು

ಒಂದು ಅಶ್ವಶಕ್ತಿ ೭೪೬ ವಾಟ್. ಇದರಲ್ಲಿ ಮುಕ್ಕಾಲು ಭಾಗ ಹಲ್ಲಿಗೆ ತಲುಪಿದರೂ, ಸೆಕೆಂಡಿಗೆ ೧೫.೬ ಮೀಟರು ವೇಗದಲ್ಲಿ ಅದು ೩೬ ನ್ಯೂಟನ್ ಬಲ ಮಾತ್ರ. ಹರಿತವಾದ ಹಲ್ಲಿಗೆ ಇದು ಸಾಕು; ಮೊಂಡಾದ ಹಲ್ಲಿಗೆ ಎರಡು ಅಶ್ವಶಕ್ತಿಯೂ ಸಾಲದು. ೧೫೦ ಮಿಲಿಮೀಟರಿನವರೆಗಿನ ಮರಕ್ಕೆ ಒಂದು ಅಶ್ವಶಕ್ತಿ, ೩೦೦ರವರೆಗೆ ಸೀಳುವವರಿಗೆ ಒಂದೂವರೆಯಿಂದ ಎರಡು ಬೇಕು. ಮೋಟಾರಿನ ದಕ್ಷತೆ ನೂರಕ್ಕೆ ೭೦, ಶಕ್ತಿಗುಣಕ ೦.೮ ಆದರೆ ಒಂದು ಅಶ್ವಶಕ್ತಿಗೆ ೨೩೦ ವೋಲ್ಟಿನಲ್ಲಿ ೫.೮ ಆಂಪಿಯರು ಹರಿಯುತ್ತದೆ. ಹೊರಡುವ ಕ್ಷಣದಲ್ಲಿ ಇದರ ಹಲವು ಮಡಿ. ಆದುದರಿಂದ ದೀಪದ ಪ್ಲಗ್ಗು ಸಲ್ಲದು. ೧೬ ಆಂಪಿಯರಿನ ಪ್ಲಗ್ಗೂ ಸರಿಯಾದ ಭೂಸಂಪರ್ಕವೂ ಬೇಕು. ಅಮೆರಿಕದಲ್ಲಿರುವ ಬಂಧುಗಳಿಂದ ಯಂತ್ರ ತರಿಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ ೬೦ ಆವರ್ತದ್ದು, ನಮ್ಮದು ೫೦. ವೋಲ್ಟೇಜನ್ನು ಸರಿಪಡಿಸಿದರೂ ಅಲ್ಲಿನ ಮೋಟಾರು ಇಲ್ಲಿ ಆರರಲ್ಲೊಂದು ಭಾಗ ನಿಧಾನವಾಗಿ ತಿರುಗುತ್ತದೆ, ಹೆಚ್ಚು ಕಾಯಲೂ ಕಾಯುತ್ತದೆ.

ಎಚ್ಚರಿಕೆಯ ಮಾತು

ಸ್ವಿಚ್ಚು ಆರಿಸಿದ ಮೇಲೂ ಪಟ್ಟಿ ಓಡುತ್ತಿರುತ್ತದೆ. ಎರಡು ಚಕ್ರಗಳ ಅಂಚಿನ ತೂಕ ತಲಾ ೪ ಕಿಲೋಗ್ರಾಂ ಇದ್ದರೆ ಅವುಗಳ ಚಲನಶಕ್ತಿ ಸುಮಾರು ೯೭೦ ಜೌಲು. ಹತ್ತು ಕಿಲೋಗ್ರಾಮಿನ ಗುಂಡು ಹತ್ತು ಮೀಟರು ಎತ್ತರದಿಂದ ಬಿದ್ದಷ್ಟು! ಚಕ್ರ ಪೂರ್ತಿ ನಿಲ್ಲುವ ತನಕ ಕೈ ಹಾಕಬಾರದು. ಮರದ ಕೊನೆಯ ಭಾಗವನ್ನು ಬೆರಳಿನಿಂದ ತಳ್ಳದೆ ಕೋಲಿನಿಂದ ತಳ್ಳಬೇಕು. ಕೈಗವಸು, ಸಡಿಲ ತೋಳಿನ ಅಂಗಿ ಕೂಡದು. ದುಂಡನೆಯ ಕೊರಡನ್ನು ಹಾಗೆಯೇ ಮೇಜಿನ ಮೇಲಿಟ್ಟು ಕುಯ್ಯುವುದು ಅಪಾಯ: ಮೇಜು ಕೊರಡನ್ನು ಒಂದೇ ರೇಖೆಯಲ್ಲಿ ಮುಟ್ಟುತ್ತದೆ, ಪಟ್ಟಿಯ ಕೆಳಮುಖ ಬಲ ಬೇರೆ ರೇಖೆಯಲ್ಲಿ ಬೀಳುತ್ತದೆ, ಕೊರಡು ಹಠಾತ್ತನೆ ಉರುಳಿ ಕೈಯನ್ನು ಎಳೆದುಕೊಂಡು ಹೋಗಬಲ್ಲದು. ಅದನ್ನು ತೊಟ್ಟಿಲಿನಂತಹ ಆಸರೆಯಲ್ಲಿ ಬಿಗಿಯಬೇಕು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲಿಯೇ ಸಾರಿದೆ. ಧೂಳು ಹೀರುವ ಕೊಳವೆಗೆ ಜಾಗವಿರುವ ಯಂತ್ರವನ್ನೇ ಆರಿಸಿ, ಮುಖಕ್ಕೆ ಮುಸುಕು ಕಟ್ಟಿಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಎರಕದ ಮೇಜು ಬೇಗ ತುಕ್ಕು ಹಿಡಿಯುವುದರಿಂದ ಕೆಲಸದ ನಂತರ ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಪಟ್ಟಿಯ ಬಿಗಿತವನ್ನು ಸಡಿಲಿಸಿಡುವುದು ಒಳ್ಳೆಯದು.

ಕಾನೂನಿನ ವಿಷಯವೂ ಉಂಟು. ಕಾಡಿನೊಳಗೆ ಗರಗಸದ ಗಿರಣಿ ನಡೆಸುವುದು ಅರಣ್ಯೇತರ ಕಾರ್ಯವೆಂದೂ ಕೇಂದ್ರದ ಪೂರ್ವಾನುಮತಿಯಿಲ್ಲದೆ ನಡೆಯಕೂಡದೆಂದೂ ಸರ್ವೋಚ್ಚ ನ್ಯಾಯಾಲಯ ೧೯೯೬ರ ಡಿಸೆಂಬರ್ ೧೨ರಂದು ಆಜ್ಞೆ ಮಾಡಿತು. ದಿಮ್ಮಿ ಕುಯ್ಯುವ ಯಂತ್ರಗಳಿಗೆ ಪರವಾನಗಿಯ ನಿಬಂಧನೆಗಳಿವೆ. ಆದುದರಿಂದ ಹಣ ತೆರುವ ಮೊದಲೇ ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿವೇಕ.

ಸಾರಾಂಶ

ಸಾಮಾನ್ಯ ಮನೆಗೆಲಸಕ್ಕೆ ೩೫೦ ಮಿಲಿಮೀಟರಿನ ಚಕ್ರ, ಬಾಗದ ಚೌಕಟ್ಟು, ಒಂದು ಅಶ್ವಶಕ್ತಿಯ ಮೋಟಾರು, ೦.೬ ಮಿಲಿಮೀಟರು ಮೀರದ ದಪ್ಪದಲ್ಲಿ ಒಂದು ಕಿರಿಯ, ಒಂದು ಅಗಲವಾದ ಪಟ್ಟಿ: ಇವಿಷ್ಟಿದ್ದರೆ ಸಾಕು. ಆಟಿಕೆಗಳನ್ನು ಮಾತ್ರ ಮಾಡುವವರಿಗೆ ತೆಳು ಪಟ್ಟಿಯ ೨೫೦ರ ಯಂತ್ರವೂ ಸಾಲುತ್ತದೆ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಲು ಒಂದು ಲೆಕ್ಕ: ೪೫೦ ಮಿಲಿಮೀಟರಿನ ಚಕ್ರದ ಮೇಲೆ ೦.೯ ಮಿಲಿಮೀಟರು ದಪ್ಪದ ಪಟ್ಟಿ ಹಾಕಿದರೆ ಬಾಗುವಿಕೆಯ ಪೀಡನ ಎಷ್ಟು? ಅದು ಮೇಲೆ ಹೇಳಿದ ಎರಡು ಯಂತ್ರಗಳಲ್ಲಿ ಯಾವುದಕ್ಕೆ ಹತ್ತಿರವಾಗಿದೆ? ಉತ್ತರ ಬಂದ ಮೇಲೆ, ದೊಡ್ಡ ಯಂತ್ರಕ್ಕೂ ಯಾವ ಪಟ್ಟಿಯನ್ನು ಬೇಕಾದರೂ ಹಾಕಬಹುದೆಂಬ ಮಾತು ನಿಜವೇ ಎಂಬುದನ್ನು ತಾವೇ ತೀರ್ಮಾನಿಸಲಿ.