ತೊಗರಿಗೆ ನೆರವಾಗುವ ಎಲೆ ಕತ್ತರಿಸುವ ಜೇನು

ಗುಲಾಬಿ ಅಥವಾ ತೊಗರಿ ಎಲೆಯ ಅಂಚು ಕತ್ತರಿಯಿಂದ ದುಂಡಗೆ ಕತ್ತರಿಸಿದಂತೆ ಕಂಡೊಡನೆ ಕೀಟನಾಶಕ ಹುಡುಕಬೇಕಾಗಿಲ್ಲ. ಅದು ಹುಳು ತಿಂದ ಗುರುತಲ್ಲ. ಮೆಗಾಕೈಲ್ ಜಾತಿಯ ಜೇನಿನ ಕೆಲಸ. ಇದರಿಂದಾಗುವ ನಷ್ಟ ಅತ್ಯಲ್ಪ.

ಹೆಗ್ಗಡದೇವನಕೋಟೆಯ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಹಾಕುವುದು ವಾಡಿಕೆ. ತೊಗರಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ನಿಜ. ಆದರೆ ಈ ಜೇನು ಹೂವಿನ ದೋಣಿಯಾಕಾರದ ದಳವನ್ನು ಒತ್ತಿದಾಗ ಕೇಸರಗಳು ಹೊರಬಂದು, ಪರಾಗವು ಅದರ ಹೊಟ್ಟೆಯಡಿಯ ಕೂದಲಿಗೆ ಅಂಟಿ ಮುಂದಿನ ಹೂವಿಗೆ ಸಾಗುತ್ತದೆ. ಬಿತ್ತನೆ ಬೀಜಕ್ಕೆಂದು ಬೆಳೆಯುವವರು ಇದೇ ಕಾರಣಕ್ಕೆ ಬೇರೆ ತಳಿಯ ತೊಗರಿಯಿಂದ ದೂರದಲ್ಲಿ ಬಿತ್ತಬೇಕು.

ಇದು ಗುಂಪಾಗಿ ಬಾಳುವುದಿಲ್ಲ, ತುಪ್ಪ ಕೊಡುವುದಿಲ್ಲ, ಸಾಮಾನ್ಯವಾಗಿ ಕಚ್ಚುವುದೂ ಇಲ್ಲ. ಪ್ರತಿ ಹೆಣ್ಣೂ ಪೊಳ್ಳು ಕಡ್ಡಿ, ಮರದ ತೂತುಗಳಲ್ಲಿ ಎಲೆ ಸುತ್ತಿ ಕೋಣೆ ಮಾಡಿ, ಪರಾಗ-ಮಕರಂದ ತುಂಬಿ, ಒಂದು ಮೊಟ್ಟೆಯಿಟ್ಟು, ದುಂಡು ಎಲೆಯಿಂದ ಮುಚ್ಚುತ್ತದೆ. ಕೆನಡಾದಲ್ಲಿ ಕುದುರೆ ಮಸಾಲೆ ಸೊಪ್ಪಿನ ಬೀಜೋತ್ಪಾದನೆಗೆ ಇದರ ಒಂದು ಪ್ರಭೇದವನ್ನು ತೂತುಗಳಿರುವ ಹಲಗೆಗಳಲ್ಲಿ ಸಾಕುತ್ತಾರೆ.

ಇಲ್ಲಿ ಬಿದಿರೇ ಸಾಕು. ಪೆನ್ಸಿಲ್ ಹಿಡಿಯುವಷ್ಟು ರಂಧ್ರವುಳ್ಳ ಒಣ ಬಿದಿರನ್ನು ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ ಗೇಣುದ್ದ ಕತ್ತರಿಸಿ, 20-30 ತುಂಡುಗಳ ಕಟ್ಟು ಮಾಡಬೇಕು. ಬೆಳೆ ಹೂ ಬಿಡುವ ಮುನ್ನ ಇದನ್ನು ಬದುವಿನ ಬಳಿ, ಮಳೆ ತಾಗದ ಮರೆಯಲ್ಲಿ, ಬಾಯಿ ಪೂರ್ವಕ್ಕಿರುವಂತೆ ಅಡ್ಡಲಾಗಿ ತೂಗುಹಾಕಬೇಕು. ತಂತಿಗೆ ಗ್ರೀಸ್ ಸವರಿದರೆ ಇರುವೆ ಹತ್ತದು. ಎಲೆಯಿಂದ ಬಾಯಿ ಮುಚ್ಚಿದ ತುಂಡನ್ನು ಕುತೂಹಲಕ್ಕೆ ಸೀಳಬಾರದು, ಒಳಗೆ ಮರಿಗಳಿರುತ್ತವೆ.

ಕಾಯಿಕೊರಕಕ್ಕೆ ಔಷಧಿ ಹೊಡೆಯಲೇಬೇಕಾದರೆ ಜೇನಿನ ಹಾರಾಟ ನಿಂತ ಮೇಲೆ, ಸಂಜೆ ಹೊಡೆಯಬೇಕು; ಬಿದಿರಿನ ಕಟ್ಟಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.