ಹಿಟ್ಟು ದುಡಿಮೆಯ ಪಕ್ಕದಲ್ಲಿರಲಿ

ಪುಟ್ಟೀ, ಮೊನ್ನೆ ಮಂಗಳವಾರ ಜಿಮ್ಮಿನಿಂದ ಬಂದವಳು ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡೆಯಲ್ಲ, ಅವತ್ತೇ ಈ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿಮ್ಮಜ್ಜಿ "ಒಂದು ತುತ್ತು ಅನ್ನ ತಿಂದಿದ್ರೆ ಹಿಂಗಾಗ್ತಿತ್ತಾ" ಅಂತ ಶುರು ಮಾಡಿದಳು, ನೀನು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಮೆಟ್ರೋದಲ್ಲಿ ಕೂತಾಗ ಓದಿಕೋ.

ಅನ್ನ ಕಡಿಮೆ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಇಪ್ಪತ್ತೇಳು ವರ್ಷಕ್ಕೆ ನಿನ್ನ ಎಚ್‌ಬಿಎ1ಸಿ 6.1 ಬಂದಿದೆ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಈ ಹೊಸ್ತಿಲಲ್ಲಿ ನಿಂತವರು ನಮ್ಮ ದೇಶದಲ್ಲಿ 13 ಕೋಟಿಗೂ ಹೆಚ್ಚು, ದಾಟಿ ಒಳಗೆ ಹೋದವರು 10 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ನಮ್ಮವರು ತಿನ್ನುವ ಊಟದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದಲೇ; ಚಿಕ್ಕದಾಗಿ ಪಿಷ್ಟ ಅನ್ನುತ್ತೇನೆ. ನಾನೇ ದಿನಕ್ಕೆರಡು ಮಾತ್ರೆ ನುಂಗುವವನು. ಹಾಗಾಗಿ ನಿನ್ನ ನಿರ್ಧಾರಕ್ಕೆ ನನ್ನ ಪೂರ್ತಿ ಬೆಂಬಲವಿದೆ. ನನ್ನ ತಕರಾರು ಇರುವುದು ನೀನು ಉಳಿಸಿಕೊಂಡ ಆ ಸ್ವಲ್ಪ ಪಿಷ್ಟವನ್ನು ತಿನ್ನುವ ಹೊತ್ತಿನ ಬಗ್ಗೆ ಮಾತ್ರ.

ಕೆರೆಯ ಆಚೆ ನಮ್ಮ ರಾಗಿ ಹೊಲವಿತ್ತು ಅಂತ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಊಟ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಹೇಳಿರಲಿಲ್ಲ. ಕೋಳಿ ಕೂಗೋ ಹೊತ್ತಿಗೆ ನಮ್ಮಪ್ಪ ಒಂದು ಚೊಂಬು ಅಂಬಲಿಗೆ ಮಜ್ಜಿಗೆ, ಉಪ್ಪು ಹಾಕಿಕೊಂಡು ಕುಡಿದು ನೇಗಿಲು ಹೊತ್ತು ಹೊರಡುತ್ತಿದ್ದರು. ಹೊತ್ತು ನೆತ್ತಿಗೆ ಬಂದಾಗ ಅವ್ವ ಕುಕ್ಕೆಯಲ್ಲಿ ಹಿಟ್ಟು, ಉಪ್ಪೆಸರು ತರುತ್ತಿದ್ದಳು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅನ್ನುವುದು ನಿನಗೆ ಗೊತ್ತೇ ಇದೆ. ಹೊಂಗೆ ಮರದ ಕೆಳಗೆ ಕೂತು ಉಂಡು, ಅರ್ಧ ಗಂಟೆಗೆ ಮತ್ತೆ ಏಳುತ್ತಿದ್ದರು. ಸಂಜೆಯವರೆಗೆ ಕಳೆ, ಕುಂಟೆ, ದನ. ಒಂದು ಹಿಟ್ಟು ದುಡಿಮೆಯ ಮುಂದೆ, ಇನ್ನೊಂದು ದುಡಿಮೆಯ ಹಿಂದೆ. ದುಡಿಮೆ ಇಲ್ಲದ ಹಿಟ್ಟೇ ಆ ಮನೆಯಲ್ಲಿ ಇರಲಿಲ್ಲ. ಆಮೇಲೆ 1994ರಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕಿಗೆ ಚಾಲನೆ ಸಿಕ್ಕಿತು, ಸುತ್ತಲ ಭೂಮಿಗೆ ಬೆಲೆ ಬಂತು, ಹೊಲ ಹೋಯಿತು. ಅಪ್ಪ ಜಗುಲಿಯ ಮೇಲೆ ಕೂತು ಹಿಂದಿನಷ್ಟೇ ಉಂಡರು. ಆರು ವರ್ಷದೊಳಗೆ ಕಾಲಿನ ಗಾಯ ಮಾಯದಂತಾಯಿತು. ಉಣ್ಣುತ್ತಿದ್ದದ್ದು ಅದೇ ಹಿಟ್ಟು, ಅದೇ ಸಾರು.

ಹಿಟ್ಟಿಗೂ ದುಡಿಮೆಗೂ ಇರುವ ಈ ನಂಟಿನ ಒಳಗುಟ್ಟನ್ನು ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಓದಿದಾಗ ನನಗೆ ರೋಮಾಂಚನವಾಗಿತ್ತು. ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು 1966ರಲ್ಲಿ ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ಲಿನ ಆಚೆ ಒಬ್ಬ, ಈಚೆ ಒಬ್ಬ ಕೂತು ಒಂದೊಂದು ಕಾಲಿನಲ್ಲಿ ಮಾತ್ರ ಸುಸ್ತಾಗುವ ತನಕ ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಮೂರು ದಿನ ಪಿಷ್ಟ ಹೆಚ್ಚಿರುವ ಊಟ ಮಾಡಿ, ತೊಡೆಯಿಂದ ಸೂಜಿಯಲ್ಲಿ ಚೂರು ಮಾಂಸ ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ಸೇರಿಕೊಂಡಿದ್ದ ಗ್ಲೈಕೋಜೆನ್ (ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ) ಸುಮ್ಮನಿದ್ದ ಕಾಲಿನದಕ್ಕಿಂತ ಸುಮಾರು ಎರಡರಷ್ಟು! ಒಂದೇ ಮೈ, ಒಂದೇ ಊಟ, ಒಂದೇ ರಕ್ತ. ದುಡಿದ ಸ್ನಾಯು ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತದೆ. ಆ ಬಾಗಿಲು ತೆರೆಯಲು ಅದಕ್ಕೆ ಇನ್ಸುಲಿನ್ನಿನ ಹಂಗೂ ಅಷ್ಟಾಗಿ ಬೇಕಿಲ್ಲ. ವ್ಯಾಯಾಮದ ನಂತರ ಕೆಲವು ಗಂಟೆ ಅದು ತೆರೆದೇ ಇರುತ್ತದೆ.

ಈಗ ನಿನ್ನ ದಿನಚರಿ ನೋಡು. ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಭಾರ ಎತ್ತುತ್ತೀ. ಬಂದು ಬರೀ ಮೊಟ್ಟೆ. ಮಧ್ಯಾಹ್ನ ಪನೀರು, ಸೌತೆಕಾಯಿ. ರಾತ್ರಿ ಹತ್ತು ಗಂಟೆಗೆ ಟ್ರಾಫಿಕ್ಕಿನಲ್ಲಿ ನಜ್ಜುಗುಜ್ಜಾಗಿ ಬಂದು, ಹಸಿವು ತಡೆಯಲಾರದೆ ಅನ್ನದ ಪಾತ್ರೆ ಹುಡುಕುತ್ತೀ. ಸ್ನಾಯು ಬಾಗಿಲು ತೆರೆದು ಕಾದ ಹೊತ್ತಿನಲ್ಲಿ ಏನೂ ಕೊಡದೆ, ಅದು ಮುಚ್ಚಿಕೊಂಡು ನೀನು ಮಲಗುವ ಹೊತ್ತಿಗೆ ಕೊಡುತ್ತಿದ್ದೀ. ನಾನು ಹೆಚ್ಚಿಗೆ ತಿನ್ನು ಅನ್ನುತ್ತಿಲ್ಲ ಮಗಳೇ. ರಾತ್ರಿಯ ಆ ಅನ್ನದ ಪಾಲನ್ನು ಬೆಳಗಿನ ಜಿಮ್ಮಿನ ಹಿಂದೆ ತಂದಿಡು. ರಾತ್ರಿಗೆ ಮಸ್ಸೊಪ್ಪು, ಕಾಳು, ಮೊಸರು ಸಾಕು.

ಲೆಕ್ಕ ಹೇಳುತ್ತೇನೆ. 75 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 50 ಗ್ರಾಂ ಪಿಷ್ಟ. ನಿನಗೆ ಅರ್ಧ ಸಾಕು, 25 ಗ್ರಾಂ. ಜೊತೆಗೆ ನಿನ್ನ ಮೊಟ್ಟೆ, ಬಸ್ಸಾರು. ಜಿಮ್ಮಿನಿಂದ ಬಂದು ಸ್ನಾನ ಮುಗಿಸಿ ತಿಂದರೂ ನಡೆಯುತ್ತದೆ. ಅರ್ಧ ಗಂಟೆಯೊಳಗೆ ಕುಡಿಯಲೇಬೇಕು ಎಂಬ ಡಬ್ಬಿಯ ಪುಡಿ ಮಾರುವವರ ಮಾತು ದಿನಕ್ಕೆರಡು ಸಲ ಅಭ್ಯಾಸ ಮಾಡುವ ಓಟಗಾರರಿಗೆ ಸರಿ, ನಿನಗಲ್ಲ. ರಾಗಿ ಅಂದ ಮಾತ್ರಕ್ಕೆ ಅದು ಔಷಧಿ ಅಂದುಕೊಳ್ಳಬೇಡ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗನೆ ಏರಿಸುತ್ತದೆ.

ಕಾಲಿನ ವ್ಯಾಯಾಮದ ದಿನ ಮಾತ್ರ, ಹೋಗುವ ಅರ್ಧ ಮುಕ್ಕಾಲು ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ತಿನ್ನು. ಒಂದೊಂದರಲ್ಲಿ 10–12 ಗ್ರಾಂ ಪಿಷ್ಟ ಇರುತ್ತದೆ. ಬೆಂದ ಗೆಣಸಾದರೆ 100 ಗ್ರಾಂ ತೂಕದಷ್ಟು ತಿನ್ನು. ಭಾರ ಎತ್ತುವುದು, ಏಕಾಏಕಿ ಓಡುವುದು ಗ್ಲೈಕೋಜೆನ್ನಿನ ಕೆಲಸ. ಕೊಬ್ಬು ಒಳ್ಳೆಯ ಸೌದೆಯೇ, ಆದರೆ ನಿಧಾನಕ್ಕೆ ಉರಿಯುತ್ತದೆ. ಕೆರೆ ಸುತ್ತ ನಡೆಯುವ ದಿನ, ಯೋಗದ ದಿನ ಏನೂ ಬೇಡ. ಕೊಬ್ಬೇ ಸಾಕು. ಭಾನುವಾರ ಒಂದು ಗಂಟೆ ಮೀರಿ ಓಡುವುದಿದ್ದರೆ ಹಿಂದಿನ ಸಂಜೆ ಬೇಗನೆ ಒಂದು ಪೂರ್ತಿ ಹಿಟ್ಟು ಉಂಡು ಮಲಗು. ಮೂವತ್ತು ವರ್ಷ ಮಕ್ಕಳನ್ನು ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದವನು ನಾನು. ಮನೆಯಲ್ಲಿ ಏನೂ ಇಲ್ಲದೆ ಹಸಿದು ಬಂದು, 1500 ಮೀಟರಿನ ಕೊನೆಯ ಸುತ್ತಿನಲ್ಲಿ ಮೊಣಕಾಲೂರಿದ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. ಎಲ್ಲ ಇರುವ ಮನೆಯ ನೀನು ಹಾಗೆ ಕೂರುವುದನ್ನು ನೋಡಲಾರೆ.

ಅವತ್ತಿನ ತಲೆಸುತ್ತಿಗೆ ಬರಿಯ ಹಸಿವು ಕಾರಣವಲ್ಲ ಅಂತ ನನಗನ್ನಿಸುತ್ತದೆ. ಪಿಷ್ಟ ಕಡಿಮೆ ಮಾಡಿದಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಗೆ ಬಿಡುತ್ತದೆ. ಸ್ನಾಯುವಿನ ಒಂದೊಂದು ಗ್ರಾಂ ಗ್ಲೈಕೋಜೆನ್ ಹಿಡಿದಿಟ್ಟುಕೊಂಡಿದ್ದ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಮೊದಲ ಹತ್ತು ದಿನದಲ್ಲಿ ಎರಡೂವರೆ ಕೆಜಿ ಇಳಿದೆ ಎಂದು ಕುಣಿದಾಡಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ನೀರು. ನಿನಗೆ ಅಧಿಕ ರಕ್ತದೊತ್ತಡವಿಲ್ಲ. ಹಾಗಾಗಿ ಜಿಮ್ಮಿಗೆ ಹೋಗುವ ಮುಂಚೆ ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ ಕುಡಿ. ಅಪ್ಪನ ಅಂಬಲಿಯಲ್ಲಿ ಇದ್ದದ್ದೂ ಅದೇ.

ನಾನು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬೇಡ, ಮನೆಯಲ್ಲಿ ಗ್ಲೂಕೋಮೀಟರ್ ಇದೆ. ಅದೇ ಅರ್ಧ ಹಿಟ್ಟನ್ನು ಒಂದು ದಿನ ರಾತ್ರಿ ಹತ್ತಕ್ಕೆ ತಿಂದು ಎರಡು ಗಂಟೆಯ ಮೇಲೆ ನೋಡು, ಇನ್ನೊಂದು ದಿನ ಜಿಮ್ಮಿನ ನಂತರ ತಿಂದು ನೋಡು. ಜೋರಾಗಿ ಭಾರ ಎತ್ತಿದ ಕೂಡಲೇ ಚುಚ್ಚಿಕೊಂಡರೆ ಅಂಕಿ ಏರಿರಬಹುದು, ಗಾಬರಿಯಾಗಬೇಡ. ಮೈಗೆ ಬಂದ ಆವೇಗಕ್ಕೆ ಯಕೃತ್ತು ಸಕ್ಕರೆ ಬಿಟ್ಟಿರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿನ್ನ ಜೊತೆ ಜಿಮ್ಮಿಗೆ ಬರುವವರಲ್ಲಿ ಸಕ್ಕರೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ನುಂಗುವವರು ಇದ್ದರೆ, ಅನ್ನ ಬಿಟ್ಟು ವ್ಯಾಯಾಮ ಮಾಡಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಪೂರ್ತಿ ಬಿಟ್ಟರೆ, ಸಕ್ಕರೆಯ ಅಂಕಿ ಅಷ್ಟೇನೂ ಏರದಿದ್ದರೂ ರಕ್ತ ಆಮ್ಲವಾಗಿ ಜೀವಕ್ಕೆ ಸಂಚಕಾರ ಬರಬಹುದು. ಅವರು ಮೊದಲು ಡಾಕ್ಟರನ್ನು ಕೇಳಲಿ. ಈ ಕಾಗದವನ್ನು ಅವರಿಗೂ ಓದಿ ಹೇಳು.

ನಾಳೆ ನಿನ್ನ ಕಾಲಿನ ದಿನ. ಅಡುಗೆಮನೆಯ ಕಿಟಕಿಯ ಪಕ್ಕ ಎರಡು ಏಲಕ್ಕಿ ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಇಟ್ಟಿರುತ್ತೇನೆ, ತಿಂದು ಕುಡಿದು ಹೋಗು. ನೀನು ಬರುವ ಹೊತ್ತಿಗೆ ಅಜ್ಜಿ ಹಿಟ್ಟು ತೊಳಸಿರುತ್ತಾಳೆ. ಅವಳಿಗೂ ಹೇಳಿದ್ದೇನೆ, ಅರ್ಧವೇ ಬಡಿಸಬೇಕೆಂದು.