ಚಲಿಸುವ ಮನೆಯ ಕೊಳಚೆ ತೊಟ್ಟಿ

ಅಮೆರಿಕದಲ್ಲಿ ವಾಸದ ವಾಹನಗಳಲ್ಲಿ ದೇಶ ಸುತ್ತುವ ಕುಟುಂಬಗಳುಂಟು. ಅಂತಹ ವಾಹನದ ತಳದಲ್ಲಿ ಸಾಮಾನ್ಯವಾಗಿ ಎರಡು ತೊಟ್ಟಿಗಳಿರುತ್ತವೆ: ಒಂದು ಶೌಚಕ್ಕೆ, ಇನ್ನೊಂದು ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ. ಶೌಚದ ತೊಟ್ಟಿಯ ಕವಾಟವನ್ನು ಸದಾ ತೆರೆದಿಟ್ಟರೆ ದ್ರವವು ಹರಿದುಹೋಗಿ ಮಲವು ತಳದಲ್ಲಿ ಗಟ್ಟಿಕಟ್ಟುತ್ತದೆ. ಆದುದರಿಂದ ತೊಟ್ಟಿಯು ಬಹುಪಾಲು ತುಂಬಿದ ಮೇಲೆಯೇ, ಇದಕ್ಕೆಂದು ಗೊತ್ತುಪಡಿಸಿದ ಚರಂಡಿಯಲ್ಲಿ, ಅದನ್ನು ಬರಿದು ಮಾಡಬೇಕು.

ಇದರ ಕಾರಣವನ್ನು ನಾವೀಗ ನೋಡೋಣ. ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಂತೆ, ಹೊರಹರಿವಿನ ವೇಗವು ದ್ರವದ ಆಳದ ವರ್ಗಮೂಲವನ್ನು ಅನುಸರಿಸುತ್ತದೆ. ಘರ್ಷಣೆಯನ್ನು ಗಣಿಸದಿದ್ದರೆ, 10 ಸೆಂ.ಮೀ. ಆಳಕ್ಕೆ ಸೆಕೆಂಡಿಗೆ 1.4 ಮೀಟರು, 40 ಸೆಂ.ಮೀ. ಆಳಕ್ಕೆ 2.8 ಮೀಟರು. ಈ ರಭಸವೇ ಮಲವನ್ನು ಸೆಳೆದೊಯ್ಯುವುದು.

ಅನಂತರ ಎರಡನೆಯ ತೊಟ್ಟಿಯ ಸಾಬೂನು ನೀರನ್ನು ಬಿಟ್ಟರೆ ಕೊಳವೆಯೂ ತೊಳೆಯಲ್ಪಡುತ್ತದೆ. ಕ್ರಮವು ತಿರುಗಿದರೆ ಹೊಲಸು ಕೊಳವೆಯಲ್ಲಿಯೇ ಉಳಿಯುವುದು. ಕೊನೆಗೆ ಕವಾಟವನ್ನು ಮುಚ್ಚಿ, ಶೌಚದ ತೊಟ್ಟಿಗೆ ಸ್ವಲ್ಪ ನೀರೆರೆಯುವುದನ್ನು ಮರೆಯಬಾರದು.